ಸೋನಾರ್‌ನಲ್ಲಿ ಮೀನು ಕಾಣ್ತಿಲ್ಲವೇ? ಪರದೆ ನೋಡಿ ದೋಷ ಹಿಡಿಯುವ ಕೈಪಿಡಿ

"ಮಷೀನ್ ಹಾಳಾಗಿದೆ ಮಾರಾಯ್ರೇ, ಏನೂ ತೋರಿಸುವುದಿಲ್ಲ." ಮಲ್ಪೆಯಲ್ಲಾಗಲಿ, ಮಂಗಳೂರಿನ ಧಕ್ಕೆಯಲ್ಲಾಗಲಿ, ಸೋನಾರ್ ರಿಪೇರಿಯವರಿಗೆ ಬರುವ ಫೋನು ಹೆಚ್ಚಾಗಿ ಹೀಗೇ ಶುರುವಾಗುತ್ತದೆ. ಎಷ್ಟೋ ಸಲ ಮಷೀನ್ ಹಾಳಾಗಿರುವುದಿಲ್ಲ. ಟಿಲ್ಟ್ (ಶಬ್ದವನ್ನು ಎಷ್ಟು ಡಿಗ್ರಿ ಕೆಳಕ್ಕೆ ಬಾಗಿಸಿ ಬಿಡುತ್ತೇವೆ ಎಂಬ ಕೋನ) ತಪ್ಪಿರುತ್ತದೆ, ಇಲ್ಲವೇ ಯಾವುದೋ ಒಂದು ಕನೆಕ್ಟರಿಗೆ ಉಪ್ಪು ಹಿಡಿದಿರುತ್ತದೆ. ಇದು ಪರ್ಸೀನ್ ಬೋಟಿನ (ಹಿಂಡಿನ ಸುತ್ತ ಬಲೆ ಬಿಟ್ಟು ಹಿಡಿಯುವ ಬೋಟು) ತಾಂಡೇಲರಿಗೂ, ಅಂದರೆ ಬೋಟ್ ನಡೆಸುವ ಮುಖ್ಯಸ್ಥರಿಗೂ, ಹೊಸದಾಗಿ ಸೋನಾರ್ ಮುಂದೆ ಕೂರುವ ಹುಡುಗರಿಗೂ ಬರೆದದ್ದು. ಖರ್ಚಿಲ್ಲದ ಪರೀಕ್ಷೆ ಮೊದಲು, ಟೆಕ್ನಿಷಿಯನ್ ಬೇಕಾಗುವುದು ಕೊನೆಗೆ.

ಒಂದು ವಿಷಯ ತಲೆಯಲ್ಲಿದ್ದರೆ ಮುಂದಿನದೆಲ್ಲ ಸುಲಭ. ಎಕೋ ಸೌಂಡರ್ ಬೋಟಿನ ಅಡಿಗೆ ಮಾತ್ರ ನೋಡುತ್ತದೆ. ಸ್ಕ್ಯಾನಿಂಗ್ ಸೋನಾರ್ ಸುತ್ತಲೂ ನೋಡುತ್ತದೆ. ಎರಡೂ ಮಾಡುವುದು ಒಂದೇ ಕೆಲಸ: ನೀರಿಗೆ ಶಬ್ದ ಬಿಟ್ಟು, ಅದು ವಾಪಸ್ ಬರುವ ಹೊತ್ತನ್ನು ಅಳೆಯುವುದು. ಸಮುದ್ರದ ನೀರಿನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1500 ಮೀಟರ್ ಓಡುತ್ತದೆ. 300 ಮೀಟರ್ ದೂರದ ಹಿಂಡಿನಿಂದ ಅದು ತಿರುಗಿ ಬರಲು 0.4 ಸೆಕೆಂಡು ಬೇಕು. ಮೀನಿನ ಹೊಟ್ಟೆಯಲ್ಲಿರುವ ಗಾಳಿಚೀಲಕ್ಕೆ ಬಡಿದಾಗ ಈ ಶಬ್ದ ಜೋರಾಗಿ ವಾಪಸ್ ಬರುತ್ತದೆ. ಅಂದರೆ ಸೋನಾರ್ ಮುಖ್ಯವಾಗಿ ನೋಡುವುದು ಗಾಳಿಯನ್ನು. ಬೂತಾಯಿ (ಸಾರ್ಡೀನ್) ಹಿಂಡು ಕೆಂಪಗೆ ಕಾಣುವುದು ಇದರಿಂದ. ಗಾಳಿಚೀಲವೇ ಇಲ್ಲದ ಬೊಂಡಾಸ್ (ಸ್ಕ್ವಿಡ್) ಮಂಕಾಗಿ ಕಾಣುವುದೂ ಇದರಿಂದ. ಪ್ರೊಪೆಲ್ಲರಿನ ನೊರೆ ಮೀನಿನ ಹಾಗೇ ಕಂಡು ಮೋಸ ಮಾಡುವುದೂ ಇದರಿಂದಲೇ.

ಯಾವ ಗುಂಡಿಯನ್ನೂ ಮುಟ್ಟುವ ಮುಂಚೆ

ಪರದೆಯ ಫೋಟೋ ತೆಗೆಯಿರಿ. ರೇಂಜ್ (ಎಷ್ಟು ದೂರ ನೋಡುತ್ತದೆ), ಟಿಲ್ಟ್, ಗೇನ್ (ಬಂದ ಪ್ರತಿಧ್ವನಿಯನ್ನು ಎಷ್ಟು ಜೋರು ಮಾಡುತ್ತದೆ) ಎಲ್ಲ ಆ ಫೋಟೋದಲ್ಲಿ ಬರಲಿ. ಗಾಬರಿಯಲ್ಲಿ ನಾಲ್ಕು ಗುಂಡಿ ತಿರುಗಿಸಿದ ಮೇಲೆ ದೋಷ ಎಲ್ಲಿತ್ತು ಎಂದು ದೇವರಿಗೂ ಗೊತ್ತಾಗುವುದಿಲ್ಲ. ಒಂದು ಸಲಕ್ಕೆ ಒಂದೇ ಗುಂಡಿ. ತಿರುಗಿಸಿ, ಎರಡು ಸುತ್ತು ಕಾಯಿರಿ, ನೋಡಿ. ಬದಲಾವಣೆ ಇಲ್ಲದಿದ್ದರೆ ಮೊದಲು ಎಲ್ಲಿತ್ತೋ ಅಲ್ಲಿಗೇ ತಂದು ಮುಂದಿನದಕ್ಕೆ ಹೋಗಿ.

ಆಮೇಲೆ ಪರದೆಯಲ್ಲಿ ಕಾಣುವ ಯಾವುದೇ ಗುರುತಿನ ಬಗ್ಗೆ ಒಂದು ಪ್ರಶ್ನೆ ಕೇಳಿ: ಇದು ಯಾರ ಜೊತೆ ಓಡುತ್ತಿದೆ? ಬೋಟ್ ತಿರುಗಿದರೂ ಮುಂದೆ ಹೋದರೂ ಅದು ಬೋಟಿಗೇ ಅಂಟಿಕೊಂಡು ಬರುತ್ತಿದ್ದರೆ ನಮ್ಮದೇ ಗಲಾಟೆ: ಎಂಜಿನ್, ವೈರಿಂಗ್, ನೊರೆ. ಜಿಪಿಎಸ್‌ನಲ್ಲಿ ಗುರುತು ಹಾಕಿದ ಜಾಗದಲ್ಲೇ ನಿಂತಿದ್ದರೆ ಕಲ್ಲು, ಇಲ್ಲವೇ ಮುಳುಗಿದ ಯಾವುದೋ ದೋಣಿ. ಎರಡೂ ಅಲ್ಲದೆ ತನ್ನಷ್ಟಕ್ಕೆ ಜರುಗುತ್ತಾ ಆಕಾರ ಬದಲಿಸುತ್ತಿದ್ದರೆ ಅದು ಮೀನಾಗಿರುವ ಸಾಧ್ಯತೆ ಇದೆ. ಮುಂದೆ ಬರುವ ಎಲ್ಲ ಲಕ್ಷಣಗಳಿಗೂ ಈ ಪ್ರಶ್ನೆಯೇ ಬೀಗದ ಕೈ.

ಇಷ್ಟೆಲ್ಲ ಮಾಡುವಾಗ ಸ್ಟೇರಿಂಗ್ ಹಿಡಿದವನೇ ಪರದೆಯಲ್ಲಿ ಮುಳುಗಬಾರದು. ಹೊರಗೆ ನೋಡಲು ಇನ್ನೊಬ್ಬ ಬೇಕೇ ಬೇಕು. ಬೋಟುಗಳು ಗುಂಪಾಗಿ ಹಿಂಡು ಹುಡುಕುವ ಜಾಗದಲ್ಲಿ ಇದನ್ನು ಸುಮ್ನೆ ಹೇಳುತ್ತಿಲ್ಲ.

ಸೆಟ್ ಆನ್ ಆಗುವುದಿಲ್ಲ, ಅಥವಾ ಆಗಿ ಆಗಿ ಆಫ್ ಆಗುತ್ತದೆ

ಪೂರ್ತಿ ಸತ್ತಿದ್ದರೆ ಸ್ವಿಚ್, ಬ್ರೇಕರ್, ಫ್ಯೂಸ್ ನೋಡಿ. ಫ್ಯೂಸ್ ಹೋಗಿದ್ದರೆ ಅದೇ ಆಂಪಿಯರಿನ ಹೊಸದನ್ನು ಒಂದು ಸಲ ಹಾಕಿ. ಅದೂ ಹೋದರೆ ನಿಲ್ಲಿಸಿ. ದೊಡ್ಡ ಫ್ಯೂಸ್ ಹಾಕುವುದು, ತಂತಿ ಸುತ್ತುವುದು ಬೇಡ. ಫ್ಯೂಸ್ ಹೋಗುವುದೇ ಒಳಗೆ ಎಲ್ಲೋ ಶಾರ್ಟ್ ಆಗಿದೆ ಎಂದು ಹೇಳಲಿಕ್ಕೆ. ಆ ಬಾಯಿ ಮುಚ್ಚಿಸಿದರೆ ಮುಂದೆ ಸುಡುವುದು ವೈರು. ಡೀಸೆಲ್ ತುಂಬಿಕೊಂಡ ಬೋಟಿನಲ್ಲಿ ವೈರು ಸುಡುವುದು ಅಂದರೆ ಏನು ಅಂತ ವಿವರಿಸಬೇಕಿಲ್ಲ.

ಆನ್ ಆಗಿ ಆಫ್ ಆಗುವುದಾದರೆ ಕರೆಂಟು ಸಾಲುತ್ತಿಲ್ಲ. ಟ್ರಾನ್ಸ್‌ಡ್ಯೂಸರ್ (ಬೋಟಿನ ತಳದಿಂದ ನೀರಿಗಿಳಿದು ಶಬ್ದ ಬಿಡುವ, ಕೇಳಿಸಿಕೊಳ್ಳುವ ಭಾಗ) ಕೆಳಗಿಳಿಸುವ ಹೊತ್ತಿಗೇ ಅಥವಾ ರೇಂಜ್ ಹೆಚ್ಚಿಸಿದಾಗಲೇ ಪರದೆ ಆರಿದರೆ ಇದು ಬಹುತೇಕ ಖಾತ್ರಿ. ಮಲ್ಟಿಮೀಟರ್ ತನ್ನಿ. 24 ವೋಲ್ಟಿನ ವ್ಯವಸ್ಥೆಯಾದರೆ ಎಂಜಿನ್ ನಿಂತಿರುವಾಗ ಚೆನ್ನಾಗಿ ಚಾರ್ಜ್ ಆದ ಬ್ಯಾಟರಿ 25ಕ್ಕಿಂತ ಸ್ವಲ್ಪ ಮೇಲೆ ತೋರಿಸಬೇಕು. ಎಂಜಿನ್ ಓಡಿ ಚಾರ್ಜ್ ಆಗುತ್ತಿರುವಾಗ 27ರಿಂದ 28. ಇದನ್ನು ಎರಡು ಕಡೆ ಅಳೆಯಿರಿ, ಒಮ್ಮೆ ಬ್ಯಾಟರಿ ಮೇಲೆ, ಒಮ್ಮೆ ಸೆಟ್ಟಿಗೆ ಕರೆಂಟು ಬರುವ ತುದಿಯಲ್ಲಿ. ಎರಡು ಸಲವೂ ಸೋನಾರ್ ಕೆಲಸ ಮಾಡುತ್ತಿರಲಿ. ಸುಮ್ಮನಿರುವ ವೈರಿನಲ್ಲಿ ವೋಲ್ಟೇಜ್ ಯಾವಾಗಲೂ ಚೆನ್ನಾಗೇ ಕಾಣುತ್ತದೆ, ಎಳೆತ ಬಿದ್ದಾಗಲೇ ಅದರ ಬಣ್ಣ ಬಯಲಾಗುವುದು. ಬ್ಯಾಟರಿ ಹತ್ತಿರ 25 ಇದ್ದು ಸೆಟ್ಟಿನ ಹತ್ತಿರ 22 ಇದ್ದರೆ ಬ್ಯಾಟರಿ ಬದಲಿಸಬೇಡಿ, ನಡುವಿನ ಜಾಯಿಂಟ್ ಹುಡುಕಿ.

ಆ ಜಾಯಿಂಟ್ ಹೇಗಿರುತ್ತದೆ ಗೊತ್ತಾ? ಮೇಲೆ ಟೇಪು ನೀಟಾಗಿ ಸುತ್ತಿರುತ್ತದೆ. ಟೇಪು ಬಿಡಿಸಿದರೆ ತಾಮ್ರದ ಎಳೆಗಳು ಹಸಿರು ಹಿಟ್ಟಿನ ಹಾಗೆ ಉದುರುತ್ತವೆ. ಹಸಿರು ಕಂಡಲ್ಲೆಲ್ಲ ಕತ್ತರಿಸಿ, ಹೊಳೆಯುವ ತಾಮ್ರ ಸಿಗುವವರೆಗೆ ಹಿಂದೆ ಹೋಗಿ, ವೈರಿನ ತುದಿಗೆ ಹೊಸ ಲಗ್ (ಲೋಹದ ತುದಿಬಿಲ್ಲೆ) ಒತ್ತಿ. ಕನೆಕ್ಟರ್ ಪಿನ್ನುಗಳಿಗೆ ಕಾಂಟ್ಯಾಕ್ಟ್ ಕ್ಲೀನರ್ ಸಾಕು, ಸ್ಯಾಂಡ್‌ಪೇಪರ್ ಬೇಡ. ಈ ಕೆಲಸಕ್ಕೆ ಮುಂಚೆ ಮೇನ್ ಸ್ವಿಚ್ ಆಫ್ ಇರಲಿ. ಬ್ಯಾಟರಿ ಪೆಟ್ಟಿಗೆ ಹತ್ತಿರ ಬೀಡಿ ಹಚ್ಚಬೇಡಿ. ಚಾರ್ಜ್ ಆಗುವಾಗ ಅಲ್ಲಿ ಹೈಡ್ರೋಜನ್ ಬರುತ್ತದೆ. ಕೈಯಲ್ಲಿ ಸ್ಪ್ಯಾನರ್ ಇದ್ದರೆ ಎರಡು ಟರ್ಮಿನಲ್‌ಗೆ ಒಟ್ಟಿಗೆ ತಾಗದಂತೆ ನೋಡಿಕೊಳ್ಳಿ.

ಪರದೆ ಚೆನ್ನಾಗಿದೆ, ಆದರೆ ಮೀನೂ ಇಲ್ಲ, ನೆಲವೂ ಇಲ್ಲ

ಮೊದಲು ನಾಚಿಕೆ ಬಿಟ್ಟು ನೋಡಬೇಕಾದ್ದು: ಟ್ರಾನ್ಸ್‌ಡ್ಯೂಸರ್ ಕೆಳಗಿಳಿದಿದೆಯಾ? ಇಳಿದಿದೆ ಎಂದು ಲೈಟು ತೋರಿಸುತ್ತಿದೆಯಾ? ಟ್ರಾನ್ಸ್‌ಮಿಟ್ ಆನ್ ಇದೆಯಾ? ಗೇನ್ ಯಾರಾದರೂ ಪೂರ್ತಿ ಇಳಿಸಿದ್ದಾರಾ? ಬೋಟ್ ತೊಳೆಯುವಾಗಲೋ ಅಡಿಗೆಯ ಹುಡುಗ ಬಂದು ಒರಗಿದಾಗಲೋ ಗುಂಡಿ ತಿರುಗುವುದು ಹೊಸದಲ್ಲ.

ಇಷ್ಟೂ ಸರಿ ಇದ್ದರೆ ನೆಲದ ಪರೀಕ್ಷೆ ಮಾಡಿ. ಇದಕ್ಕಿಂತ ಒಳ್ಳೆಯ ಪರೀಕ್ಷೆ ಇನ್ನೊಂದಿಲ್ಲ, ಒಂದು ಪೈಸೆ ಖರ್ಚೂ ಇಲ್ಲ. ಮೀನು ಇರಬಹುದು, ಇಲ್ಲದಿರಬಹುದು. ನೆಲ ಮಾತ್ರ ಎಲ್ಲೂ ಹೋಗುವುದಿಲ್ಲ ಅಲ್ವಾ. 20 ಮಾರು ಆಳದಲ್ಲಿ, ಅಂದರೆ ಸುಮಾರು 36 ಮೀಟರಿನಲ್ಲಿ, ಬೋಟ್ ನಿಧಾನ ಮಾಡಿ. ಆಳ ಎಷ್ಟೆಂದು ಎಕೋ ಸೌಂಡರಿನಲ್ಲಿ ನೋಡಿಕೊಳ್ಳಿ. ಸೋನಾರಿನ ಟಿಲ್ಟ್ 30 ಡಿಗ್ರಿಗೆ ತನ್ನಿ, ರೇಂಜ್ 150 ಮೀಟರ್ ಇರಲಿ. ಈಗ ಬೋಟಿನ ಸುತ್ತ 70 ಮೀಟರಿನ ಆಸುಪಾಸಿನಲ್ಲಿ ನೆಲ ಒಂದು ದಪ್ಪ ಉಂಗುರವಾಗಿ ಕಾಣಬೇಕು. 30 ಡಿಗ್ರಿಯಲ್ಲಿ ಓರೆ ದೂರ ಆಳದ ಎರಡರಷ್ಟು, ಲೆಕ್ಕ ಅಷ್ಟೇ.

ಉಂಗುರ ಗಟ್ಟಿಯಾಗಿ ಬಂತು ಅಂದರೆ ಮಷೀನ್ ಕಳಿಸುತ್ತಿದೆ, ಕೇಳಿಸಿಕೊಳ್ಳುತ್ತಿದೆ, ಸುತ್ತುತ್ತಲೂ ಇದೆ. ರಿಪೇರಿಯವರನ್ನು ಕರೆಯಬೇಡಿ. ಮೀನು ಅಲ್ಲಿಲ್ಲ, ಇಲ್ಲವೇ ನೀವು ನೋಡುವ ಕೋನ ತಪ್ಪು.

ಉಂಗುರ ಬಂತು, ಆದರೆ ಮಂಕಾಗಿದೆ ಅಂದರೆ ಎರಡು ಅನುಮಾನ. ಒಂದು, ಅಡಿಯಲ್ಲಿ ಮೆತ್ತನೆ ಕೆಸರಿದೆ. ನಮ್ಮ ಕರಾವಳಿಯ ದಡದ ಹತ್ತಿರ ಕೆಸರು ಜಾಸ್ತಿ, ಅದು ಶಬ್ದವನ್ನು ನುಂಗುತ್ತದೆ. ಮರಳಿನ ಅಥವಾ ಕಲ್ಲಿನ ಜಾಗಕ್ಕೆ ಹೋಗಿ ಇನ್ನೊಮ್ಮೆ ನೋಡಿ. ಅಲ್ಲೂ ಮಂಕಾದರೆ ಎರಡನೆಯ ಅನುಮಾನ: ಟ್ರಾನ್ಸ್‌ಡ್ಯೂಸರಿನ ಮುಖಕ್ಕೆ ಪಾಚಿ, ಚಿಪ್ಪು ಹಿಡಿದಿದೆ. ಬೋಟು ವಾರಗಟ್ಟಲೆ ಧಕ್ಕೆಯಲ್ಲಿ ನಿಂತಿದ್ದರೆ ಇದು ಆಗಿಯೇ ಆಗುತ್ತದೆ.

ಉಂಗುರವೇ ಇಲ್ಲ, ಗೇನ್ ಏರಿಸಿದರೂ ಬರೀ ಚುಕ್ಕೆ ಚುಕ್ಕೆ ಗದ್ದಲ ಬರುತ್ತದೆ ಅಂದರೆ ಕೇಳಿಸಿಕೊಳ್ಳುವ ಭಾಗ ಬದುಕಿದೆ, ಕಳಿಸುವ ಭಾಗ ಸತ್ತಿದೆ ಎಂಬ ಅನುಮಾನ. ಗೇನ್ ಪೂರ್ತಿ ಏರಿಸಿದರೂ ಪರದೆ ಖಾಲಿ ಎಂದರೆ ಕೇಬಲ್, ಟ್ರಾನ್ಸ್‌ಡ್ಯೂಸರ್ ಅಥವಾ ಒಳಗಿನ ಬೋರ್ಡು. ಸೆಟ್ಟಿನ ಮೆನುವಿನಲ್ಲಿ ಸೆಲ್ಫ್ ಟೆಸ್ಟ್ ಇದ್ದರೆ ಓಡಿಸಿ, ಬಂದ ನಂಬರಿನ ಫೋಟೋ ತೆಗೆದಿಡಿ. ನಿಮ್ಮ ಕೆಲಸ ಅಲ್ಲಿಗೆ ಮುಗಿಯಿತು. ಟ್ರಾನ್ಸ್‌ಸೀವರ್ ಪೆಟ್ಟಿಗೆ ಬಿಚ್ಚಬೇಡಿ. ಶಬ್ದ ಹೊರಡಿಸಲು ಒಳಗೆ ಭಾರೀ ವೋಲ್ಟೇಜ್ ಬೇಕು. ಸ್ವಿಚ್ ಆಫ್ ಮಾಡಿದ ಮೇಲೂ ಕೆಪಾಸಿಟರಿನಲ್ಲಿ ಅದು ಉಳಿದಿರುತ್ತದೆ. ಒದ್ದೆ ಕೈಯಲ್ಲಿ ಅದನ್ನು ಮುಟ್ಟಿದರೆ ಜೀವಕ್ಕೇ ಅಪಾಯ.

ದೂರದಲ್ಲಿ ಚೆನ್ನಾಗಿ ಕಾಣುತ್ತದೆ, ಹತ್ತಿರ ಹೋದರೆ ಮಾಯ

ಇಷ್ಟು ದೂರು ಬರುವ, ಇಷ್ಟು ಕಡಿಮೆ ದೋಷ ಇರುವ ಲಕ್ಷಣ ಬೇರೊಂದಿಲ್ಲ. ಸೋನಾರಿನ ಬೀಮ್ ಟಾರ್ಚ್ ಬೆಳಕಿನ ಹಾಗೆ: ಎತ್ತ ತಿರುಗಿಸಿದರೆ ಅತ್ತ ಮಾತ್ರ, ದೂರ ಹೋದ ಹಾಗೆ ಅಗಲ. ಹತ್ತಿರದಲ್ಲಿ ಅದು ಬಹಳ ಕಿರಿದು. ಟಿಲ್ಟ್ 5 ಡಿಗ್ರಿಯಲ್ಲಿ ಇಟ್ಟು ಹಿಂಡಿನ ಕಡೆ ಓಡಿದರೆ ಹಿಂಡು ಬೀಮಿನ ಅಡಿಗೆ ಜಾರಿಬಿಡುತ್ತದೆ.

ಹಿಂಡು 20 ಮೀಟರ್ ಆಳದಲ್ಲಿದೆ ಅಂದುಕೊಳ್ಳಿ. 230 ಮೀಟರ್ ದೂರದಲ್ಲಿರುವಾಗ ಅದಕ್ಕೆ 5 ಡಿಗ್ರಿ ಸರಿ. 115 ಮೀಟರಿಗೆ ಬಂದಾಗ 10 ಡಿಗ್ರಿ ಬೇಕು. 58 ಮೀಟರಿಗೆ 20. 40 ಮೀಟರಿಗೆ 30. ಗಮನಿಸಿ, ದೂರ ಅರ್ಧವಾದಾಗ ಟಿಲ್ಟ್ ಹೆಚ್ಚುಕಡಿಮೆ ಎರಡು ಪಟ್ಟು. ಕೊನೆಯ ನೂರು ಮೀಟರಿನಲ್ಲಿ ಕೈ ಟಿಲ್ಟ್ ಗುಂಡಿ ಬಿಟ್ಟು ಏಳಬಾರದು. ಪಳಗಿದ ತಾಂಡೇಲರು ಇದನ್ನು ಲೆಕ್ಕ ಹಾಕಿ ಮಾಡುವುದಿಲ್ಲ, ಗುರುತಿನ ಬಣ್ಣ ಒಂದು ಹಂತ ಇಳಿದ ಕೂಡಲೇ ಬೆರಳು ತಾನಾಗಿ ತಿರುಗಿಸುತ್ತದೆ. ಹೊಸಬರು ಈ ನಾಲ್ಕು ಅಂಕಿಗಳನ್ನು ಪರದೆ ಪಕ್ಕದಲ್ಲಿ ಮಾರ್ಕರಿನಲ್ಲಿ ಬರೆದಿಡಿ.

ಟಿಲ್ಟ್ ಸರಿಯಾಗಿ ಬದಲಿಸಿದರೂ ಮಾಯವಾಗುತ್ತಿದ್ದರೆ ಟಿವಿಜಿ (ದೂರಕ್ಕೆ ತಕ್ಕಂತೆ ಗೇನ್ ಬದಲಿಸುವ ಸೆಟ್ಟಿಂಗ್) ನೋಡಿ. ಹತ್ತಿರದ ಪ್ರತಿಧ್ವನಿಯನ್ನು ಇದು ಬೇಕೆಂದೇ ತಗ್ಗಿಸುತ್ತದೆ. ಇಲ್ಲದಿದ್ದರೆ ನಡು ಭಾಗವೆಲ್ಲ ಕೆಂಪು ಮುದ್ದೆ. ಯಾರೋ ಇದನ್ನು ಜಾಸ್ತಿ ಇಟ್ಟಿದ್ದರೆ ಹತ್ತಿರದ ಹಿಂಡೂ ಅಳಿಸಿಹೋಗುತ್ತದೆ. ಒಂದೊಂದೇ ಹಂತ ಇಳಿಸಿ ನೋಡಿ.

ಮೂರನೆಯ ಕಾರಣಕ್ಕೆ ರಿಪೇರಿ ಇಲ್ಲ: ಎಂಜಿನ್ ಸದ್ದಿಗೆ ಮೀನು ನಿಜವಾಗಿಯೂ ಆಳಕ್ಕಿಳಿಯುತ್ತದೆ.

ಹಿಂಡು ಒಂದು ಸುತ್ತಿಗೂ ಇನ್ನೊಂದು ಸುತ್ತಿಗೂ ಹಾರಿದಂತೆ ಕಾಣುತ್ತದೆ

ಒಂದೇ ಬೀಮ್ ಹೆಜ್ಜೆ ಹೆಜ್ಜೆಯಾಗಿ ಸುತ್ತುವ ಸೆಟ್ಟುಗಳಲ್ಲಿ ಮಾತ್ರ ಇದು ಬರುತ್ತದೆ. ಒಂದೇ ಸಲ ಸುತ್ತಲೂ ನೋಡುವ ದುಬಾರಿ ಸೆಟ್ಟಿನವರು ಮುಂದೆ ಹೋಗಿ. ಹೆಜ್ಜೆ 6 ಡಿಗ್ರಿ ಇದ್ದರೆ ಒಂದು ಪೂರ್ತಿ ಸುತ್ತಿಗೆ 60 ಸಲ ಶಬ್ದ ಬಿಡಬೇಕು. ರೇಂಜ್ 300 ಮೀಟರ್ ಆದರೆ ಪ್ರತಿ ಸಲವೂ 0.4 ಸೆಕೆಂಡು ಕಾಯಬೇಕು. ಒಟ್ಟು 24 ಸೆಕೆಂಡು. ಅಷ್ಟರಲ್ಲಿ 8 ನಾಟ್ ವೇಗದ ಬೋಟು ಸುಮಾರು ನೂರು ಮೀಟರ್ ಹೋಗಿರುತ್ತದೆ. ಹಾರಿದ್ದು ಮೀನಲ್ಲ, ನೀವು.

ಹಿಂಡು ಸಿಕ್ಕ ಮೇಲೆ ಪೂರ್ತಿ ಸುತ್ತು ಬೇಡ. ಸೆಕ್ಟರ್ (ಸುತ್ತಿ ನೋಡುವ ಭಾಗ) ಕಿರಿದು ಮಾಡಿ, ರೇಂಜ್ ಇಳಿಸಿ, ಬೋಟ್ ನಿಧಾನ ಮಾಡಿ. ಆಗಲೂ ಹಾರಿದರೆ, ಅದೂ ಒಂದೇ ದಿಕ್ಕಿಗೆ ಅಷ್ಟಷ್ಟೇ ಹಾರಿದರೆ, ಸುತ್ತಿಸುವ ಮೋಟಾರು ಹೆಜ್ಜೆ ತಪ್ಪುತ್ತಿರಬಹುದು. ಅದು ಟೆಕ್ನಿಷಿಯನ್ ಕೆಲಸ.

ಪರದೆ ತುಂಬಾ ಕೆಂಪು, ಸುತ್ತ ದಪ್ಪ ಉಂಗುರ

ನಮ್ಮ ಕಡೆ ಇದಕ್ಕೆ ಮೊದಲ ಕಾರಣ ಕಡಿಮೆ ಆಳ. 36 ಮೀಟರ್ ನೀರಿನಲ್ಲಿ ಟಿಲ್ಟ್ 10 ಡಿಗ್ರಿ ಇಟ್ಟರೆ 200 ಮೀಟರಿನ ಆಸುಪಾಸಿನಲ್ಲಿ ಬೀಮಿನ ನಡುಭಾಗ ನೆಲಕ್ಕೆ ಬಡಿಯುತ್ತದೆ. ಬೀಮಿಗೆ ಅಗಲ ಇರುವುದರಿಂದ ಅದರ ಕೆಳಗಿನ ಅಂಚು ಇನ್ನೂ ಮುಂಚೆಯೇ ಬಡಿಯುತ್ತದೆ. ಅಲ್ಲಿಂದಾಚೆ ಕಾಣುವ ಕೆಂಪೆಲ್ಲ ನೆಲ. ಅದರೊಳಗೆ ಬೂತಾಯಿ ಇದ್ದರೂ ಕಾಣುವುದಿಲ್ಲ.

ಟಿಲ್ಟ್ ಏರಿಸಿ, ಅಂದರೆ 10ರಿಂದ 5ಕ್ಕೆ, 5ರಿಂದ 3ಕ್ಕೆ ತನ್ನಿ. ಉಂಗುರ ದೂರ ಸರಿದರೆ ಅದು ನೆಲವೇ. ಗೇನ್ ಇಳಿಸಿ ಉಂಗುರ ತೆಳುವಾಗುವಂತೆ ಮಾಡಿ. ನೆಲದ ಉಂಗುರದಿಂದ ಒಳಗಡೆಗೆ ಗಂಟು ಗಂಟಾಗಿ ಚಾಚಿಕೊಂಡಿದ್ದು ಕಂಡರೆ ಅಲ್ಲಿ ಗಮನ ಇಡಿ. ಉಂಗುರದ ಹೊರಗೆ ಏನು ಕಂಡರೂ ನಂಬಬೇಡಿ.

ಟಿಲ್ಟ್ ತೀರಾ ಮೇಲೆ ತಂದಾಗ ಕೆಂಪು ಹತ್ತಿರದಲ್ಲಿ ಹೆಚ್ಚಾದರೆ ಅದು ಅಲೆ. ಬೀಮಿನ ಮೇಲಿನ ಅಂಚು ನೀರಿನ ಮೇಲ್ಮೈಗೆ ಬಡಿಯುತ್ತಿದೆ. ಗಾಳಿ ಎದ್ದ ದಿನ ಇದು ಸಹಜ. ಟಿಲ್ಟ್ ಒಂದೆರಡು ಡಿಗ್ರಿ ಕೆಳಕ್ಕೆ ಬಾಗಿಸಬೇಕು. ನೆಲಕ್ಕೂ ಅಲೆಗೂ ನಡುವೆ ಒಂದು ಸಣ್ಣ ಕಿಂಡಿ ಸಿಗುತ್ತದೆ. ಕಡಿಮೆ ಆಳದಲ್ಲಿ ಸೋನಾರ್ ಓಡಿಸುವ ಕಲೆ ಎಂದರೆ ಆ ಕಿಂಡಿ ಹುಡುಕುವುದೇ.

ನೇತ್ರಾಣಿ ದ್ವೀಪದಂಥ ಕಲ್ಲಿನ ಜಾಗದ ಸುತ್ತ ಉಂಗುರ ಒಂದೇ ಕಡೆ ಉಬ್ಬಿ ಹಿಂಡಿನ ಹಾಗೆ ಕಾಣುತ್ತದೆ. ಜಿಪಿಎಸ್ ಗುರುತು ಹಾಕಿ ಬೇರೆ ದಿಕ್ಕಿನಿಂದ ಇನ್ನೊಮ್ಮೆ ಬನ್ನಿ. ಅದೇ ಜಾಗದಲ್ಲಿ ಅದೇ ಆಕಾರದಲ್ಲಿ ಕೂತಿದ್ದರೆ ಬಲೆ ಬಿಡಬೇಡಿ. ಬಲೆಯ ಅಡಿ ಹರಿದರೆ ಆಗುವ ಖರ್ಚು ಒಂದು ಟ್ರಿಪ್ಪಿನ ಮೀನಿಗೆ ಸರಿಹೋಗುವುದಿಲ್ಲ.

ಗೆರೆ, ಸುರುಳಿ, ಚುಕ್ಕೆ ಮಳೆ

ಟ್ರಾನ್ಸ್‌ಮಿಟ್ ಆಫ್ ಮಾಡಿ, ಬರೀ ಕೇಳಿಸಿಕೊಳ್ಳಲು ಬಿಡಿ. ಈಗಲೂ ಪರದೆ ಮೇಲೆ ಉಳಿದದ್ದೆಲ್ಲ ಹೊರಗಿನ ಗಲಾಟೆ. ನೀವು ಶಬ್ದವನ್ನೇ ಬಿಟ್ಟಿಲ್ಲ, ಪ್ರತಿಧ್ವನಿ ಎಲ್ಲಿಂದ ಬರಬೇಕು?

ನೀಟಾದ ಸುರುಳಿ ಅಥವಾ ಒಂದೇ ಅಂತರದ ಚುಕ್ಕೆ ಸಾಲು ಬೇರೊಂದು ಸೋನಾರ್ ಅಥವಾ ಸೌಂಡರಿನದು. ನಿಮ್ಮದೇ ಎಕೋ ಸೌಂಡರ್ ಆಫ್ ಮಾಡಿ ನೋಡಿ. ಹೋಯಿತಾ? ಎರಡನ್ನೂ ಒಟ್ಟಿಗೆ ಓಡಿಸುವಾಗ ಸೌಂಡರಿನ ಫ್ರೀಕ್ವೆನ್ಸಿ ಬದಲಿಸಿ. ಹೋಗದಿದ್ದರೆ ಪಕ್ಕದ ಬೋಟಿನದು. ಇಂಟರ್‌ಫೆರೆನ್ಸ್ ರಿಜೆಕ್ಷನ್ ಒಂದು ಹಂತ ಏರಿಸಿ. ಅದನ್ನು ಯಾವಾಗಲೂ ಗರಿಷ್ಠದಲ್ಲಿ ಇಡುವ ಅಭ್ಯಾಸ ಮಾತ್ರ ಬೇಡ. ಸಣ್ಣ ಹಿಂಡುಗಳನ್ನೂ ಅದು ಗಲಾಟೆ ಎಂದು ತಿಳಿದು ಒರೆಸಿಬಿಡುತ್ತದೆ.

ಅಂಕೆಯಿಲ್ಲದ ಮಳೆಯಂಥ ಚುಕ್ಕೆಗಳಾದರೆ ಬೋಟಿನೊಳಗೆ ಹುಡುಕಿ. ಇನ್ವರ್ಟರ್, ಎಲ್‌ಇಡಿ ಲೈಟು, ಮೊಬೈಲ್ ಚಾರ್ಜರ್, ಪಂಪು ಒಂದೊಂದಾಗಿ ಆಫ್ ಮಾಡುತ್ತಾ ಪರದೆ ನೋಡಿ. ಸೋವಿಯ ಇನ್ವರ್ಟರ್ ಮೇಲೆ ನನಗೆ ಯಾವಾಗಲೂ ಮೊದಲ ಅನುಮಾನ. ಎಂಜಿನ್ ಆರ್‌ಪಿಎಂ ಏರಿಸಿದ ಹಾಗೆ ಗಲಾಟೆಯೂ ಏರಿದರೆ ಆಲ್ಟರ್ನೇಟರ್, ಇಲ್ಲವೇ ಪ್ರೊಪೆಲ್ಲರ್. ಎಂಜಿನ್ ನ್ಯೂಟ್ರಲ್‌ಗೆ ಹಾಕಿ ಅದೇ ಆರ್‌ಪಿಎಂ ಕೊಡಿ. ಗಲಾಟೆ ಹೋದರೆ ಪ್ರೊಪೆಲ್ಲರ್: ರೆಕ್ಕೆ ಬಾಗಿರಬಹುದು, ಹಗ್ಗ ಸುತ್ತಿರಬಹುದು. ಉಳಿದರೆ ಆಲ್ಟರ್ನೇಟರ್ ಅಥವಾ ಅರ್ಥಿಂಗ್. ಅರ್ಥ್ ವೈರಿನ ಬೋಲ್ಟು ತುಕ್ಕು ಹಿಡಿದಿದೆಯಾ ನೋಡಿ, ಉಜ್ಜಿ ಬಿಗಿ ಮಾಡಿ. ಎಷ್ಟೋ ಬೋಟುಗಳಲ್ಲಿ ಅಷ್ಟಕ್ಕೇ ಮುಗಿಯುತ್ತದೆ.

ಎಂಜಿನ್ ಪೂರ್ತಿ ನಿಲ್ಲಿಸಿ ಪರೀಕ್ಷೆ ಮಾಡುವುದಿದ್ದರೆ ಹತ್ತಿರದಲ್ಲಿ ಕಲ್ಲು, ಬಲೆ, ಬೇರೆ ಬೋಟು ಇಲ್ಲದ ತೆರೆದ ಜಾಗದಲ್ಲಿ ಮಾತ್ರ.

ಹಿಂದುಗಡೆ ಯಾವಾಗಲೂ ಹಿಂಡು ಇರುತ್ತದೆ!

ಅದು ನಿಮ್ಮದೇ ನೊರೆ. ಬೋಟು ತಿರುಗಿದ ದಾರಿಯಲ್ಲೇ ಬಾಲದ ಹಾಗೆ ಬಾಗಿಕೊಂಡಿರುತ್ತದೆ. ಕೆಲವು ನಿಮಿಷದಲ್ಲಿ ಕರಗುತ್ತದೆ. ಬೇರೆ ಬೋಟು ಹಾದುಹೋದ ದಾರಿಯಲ್ಲೂ ಹೀಗೇ ಉದ್ದನೆಯ ಕೆಂಪು ಪಟ್ಟಿ ಉಳಿಯುತ್ತದೆ. ಹತ್ತಾರು ಬೋಟು ಒಂದೇ ಹಿಂಡಿನ ಹಿಂದೆ ಬಿದ್ದಾಗ ಪರದೆಯಲ್ಲಿ ಯಾವುದು ಮೀನು, ಯಾವುದು ನೊರೆ ಅಂತ ಹೇಳುವುದೇ ಕಷ್ಟ. ಟಿಲ್ಟ್ ಇಳಿಸಿ: ನೊರೆ ಮೇಲೇ ಇರುತ್ತದೆ, ಬೇಗ ಮಂಕಾಗುತ್ತದೆ. ಆಳದಲ್ಲಿರುವ ಹಿಂಡು ಇನ್ನೂ ಗಟ್ಟಿಯಾಗುತ್ತದೆ.

ಮುಂದುಗಡೆ ಅಥವಾ ಒಂದೇ ಪಕ್ಕ ಯಾವಾಗಲೂ ಖಾಲಿ ಇದ್ದರೆ ಬೇರೆ ಮಾತು. ಪೂರ್ತಿ ಇಳಿಯದ ಟ್ರಾನ್ಸ್‌ಡ್ಯೂಸರಿಗೆ ಬೋಟಿನ ತಳವೇ ಅಡ್ಡ ಬರುತ್ತಿರುತ್ತದೆ. ಇಲ್ಲವೇ ಆ ಪಕ್ಕಕ್ಕೆ ಬಲೆ ಚೂರು, ಪ್ಲಾಸ್ಟಿಕ್ ಸುತ್ತಿಕೊಂಡಿರುತ್ತದೆ. ಪೂರ್ತಿ ಮೇಲೆತ್ತಿ, ಮತ್ತೆ ಪೂರ್ತಿ ಇಳಿಸಿ. ಹೋಗದಿದ್ದರೆ ಧಕ್ಕೆಗೆ ಬಂದ ಮೇಲೆ ನೋಡಿ. ನೀರಿಗಿಳಿದು ನೋಡುವವರಿದ್ದರೆ ಎಂಜಿನ್ ಆಫ್, ಕೀ ತಾಂಡೇಲರ ಜೇಬಿನಲ್ಲಿ, ಸೋನಾರ್ ಮತ್ತು ಸೌಂಡರ್ ಎರಡೂ ಆಫ್. ಮೂರೂ ಆದ ಮೇಲೆ ಮಾತ್ರ ಇಳಿಯಬೇಕು.

ಮೀನು ಕಾಣುತ್ತದೆ, ಬಲೆ ಬಿಟ್ಟರೆ ಸಿಗುವುದಿಲ್ಲ

ದಿಕ್ಕು ಸರಿ ಇದೆಯೇ ಎಂದು ಮೊದಲು ನೋಡಿ. ಸಮುದ್ರ ಶಾಂತವಾಗಿದ್ದ ದಿನ ಡಿಂಗಿಯನ್ನು (ಜೊತೆಗಿರುವ ಸಣ್ಣ ದೋಣಿ) ನೇರ ಮುಂದಕ್ಕೆ ನೂರು ಮೀಟರ್ ಕಳಿಸಿ, ಅಲ್ಲೇ ಸಣ್ಣ ಸುತ್ತು ಹೊಡೆಯಲು ಹೇಳಿ. ಅದರ ಎಂಜಿನ್ ನೊರೆ ಒಳ್ಳೆಯ ಗುರುತು. ಟಿಲ್ಟ್ 2–3 ಡಿಗ್ರಿ ಇಟ್ಟು ಪರದೆ ನೋಡಿ. ಕಣ್ಣಿಗೆ ಮುಂದೆ ಕಾಣುವುದು ಪರದೆಯಲ್ಲೂ ಮುಂದೆಯೇ ಕಾಣಬೇಕು. ಹತ್ತು ಹದಿನೈದು ಡಿಗ್ರಿ ಪಕ್ಕಕ್ಕೆ ಕಂಡರೆ ಹೆಡಿಂಗ್ ಹೊಂದಾಣಿಕೆ ತಪ್ಪಿದೆ, ಮೆನುವಿನಲ್ಲಿ ಸರಿ ಮಾಡಬಹುದು. ಒಂದು ದಿನ ಸರಿ, ಇನ್ನೊಂದು ದಿನ ತಪ್ಪು ಎಂದಾದರೆ ಕಂಪಾಸ್ ಸೆನ್ಸಾರಿನ ಹತ್ತಿರ ಯಾರಾದರೂ ಸ್ಪೀಕರ್ ಅಥವಾ ಕಬ್ಬಿಣದ ಸಾಮಾನು ಇಟ್ಟಿದ್ದಾರಾ ನೋಡಿ. ಸ್ಪೀಕರಿನ ಮ್ಯಾಗ್ನೆಟ್ ಸಾಕು.

ದಿಕ್ಕು ಸರಿ ಇದ್ದರೆ ಓರೆ ದೂರದ ಲೆಕ್ಕ. ಪರದೆ ತೋರಿಸುವ 40 ಮೀಟರ್ ಓರೆಯಾಗಿ ಅಳೆದದ್ದು. ಟಿಲ್ಟ್ 30 ಆದರೆ ಹಿಂಡು ಮುಂದಕ್ಕೆ 35 ಮೀಟರ್, ಕೆಳಕ್ಕೆ 20 ಮೀಟರ್. ನಿಮ್ಮ ಬಲೆ ಅಷ್ಟು ಕೆಳಗೆ ಹೋಗುತ್ತದೆಯೇ, ಬಲೆ ಮುಳುಗುವ ಮೊದಲೇ ಹಿಂಡು ಅಡಿಯಿಂದ ದಾಟುತ್ತದೆಯೇ, ಆ ತೀರ್ಮಾನ ತಾಂಡೇಲರದು.

ಇನ್ನೊಂದು ಸಾಧ್ಯತೆ, ಕಂಡದ್ದು ಮೀನೇ ಅಲ್ಲ. ಲೋಳೆಮೀನಿನ ರಾಶಿ, ಸಣ್ಣ ಜೀವಿಗಳ ಪದರ ತೆಳ್ಳಗೆ, ಅಂಚಿಲ್ಲದೆ, ಹೊಗೆ ಹರಡಿದ ಹಾಗೆ ಕಾಣುತ್ತದೆ. ಬೋಟು ಹತ್ತಿರ ಹೋದರೂ ಕದಲುವುದಿಲ್ಲ. ಹಗಲಿನ ಬೂತಾಯಿ ಹಿಂಡಿಗೆ ಅಂಚು ಇರುತ್ತದೆ. ರಾತ್ರಿ ಹಿಂಡು ಸಡಿಲವಾಗುವುದರಿಂದ ಗುರುತೂ ಸಡಿಲ. ಬೆಳದಿಂಗಳಿಲ್ಲದ ರಾತ್ರಿ ನೀರು ಮಿನುಗುವುದನ್ನು ನೋಡಿಯೇ ಹಿಂಡು ಹಿಡಿಯುತ್ತಿದ್ದ ಹಿರಿಯರು ಈಗಲೂ ಪರದೆ ಬಿಟ್ಟು ಒಮ್ಮೆ ಹೊರಗೆ ನೋಡುತ್ತಾರೆ. ಒಳ್ಳೆಯ ಅಭ್ಯಾಸ.

ಬೆಳಿಗ್ಗೆ ಚೆನ್ನಾಗಿತ್ತು, ಮಧ್ಯಾಹ್ನ ಮಂಕಾಯಿತು

ಸಂಜೆ ಅಥವಾ ಮರುದಿನ ಬೆಳಿಗ್ಗೆ ತಾನಾಗಿ ಸರಿಯಾದರೆ ದೋಷ ನೀರಿನದು. ಬಿಸಿಲಿಗೆ ಮೇಲಿನ ನೀರು ಬಿಸಿಯಾಗುತ್ತದೆ, ಕೆಳಗೆ ತಂಪು ಉಳಿಯುತ್ತದೆ. ತಂಪು ನೀರಿನಲ್ಲಿ ಶಬ್ದ ನಿಧಾನ, ಹಾಗಾಗಿ ಅದು ಕೆಳಕ್ಕೆ ಬಾಗುತ್ತದೆ. ದೂರದಲ್ಲಿ ಮೇಲೇ ಇರುವ ಹಿಂಡಿಗೆ ಬೀಮ್ ತಲುಪುವುದೇ ಇಲ್ಲ. ಗಾಳಿಯಿಲ್ಲದ ಬೇಸಿಗೆಯಲ್ಲಿ ಇದು ಜಾಸ್ತಿ.

ಜೂನ್ 1ರಿಂದ ಜುಲೈ 31ರ ಮೀನುಗಾರಿಕೆ ನಿಷೇಧದ ರಜೆ ಮುಗಿಸಿ ಆಗಸ್ಟಿನಲ್ಲಿ ಇಳಿದಾಗಲೂ ಇಂಥದ್ದೇ ಕಾಟ. ಮಳೆಗಾಲದಲ್ಲಿ ನಮ್ಮ ಕರಾವಳಿಯಲ್ಲಿ ಅಡಿಯ ತಂಪು ನೀರು ಮೇಲೆ ಬಂದಿರುತ್ತದೆ. ಅದರ ಮೇಲೆ ನೇತ್ರಾವತಿ, ಶರಾವತಿ, ಕಾಳಿಯಂಥ ಹೊಳೆಗಳ ಸಿಹಿನೀರು ಹರಡಿರುತ್ತದೆ. ಪದರ ಪದರವಾದ ಈ ನೀರಿನಲ್ಲಿ ಜೂನಿಗೆ ಮುಂಚೆ ಸಿಗುತ್ತಿದ್ದ ದೂರ ಸಿಗಲಿಲ್ಲ ಎಂದು ಮಷೀನ್ ಬಿಚ್ಚಬೇಡಿ. ರೇಂಜ್ ಇಳಿಸಿ, ಟಿಲ್ಟ್ ಮೇಲೆ ತನ್ನಿ, ಹತ್ತಿರ ಹತ್ತಿರ ಹುಡುಕಿ. ನೆಲದ ಪರೀಕ್ಷೆ ಪಾಸಾದರೆ ಮಷೀನ್ ಚೆನ್ನಾಗಿದೆ.

ಮಧ್ಯಾಹ್ನದ ಮಂಕು ಸಂಜೆಯಾದರೂ ಹೋಗದೆ, ಸೆಟ್ ಆಫ್ ಮಾಡಿ ತಣ್ಣಗಾದ ಮೇಲೆ ಮಾತ್ರ ಹೋದರೆ, ಅದು ಸೆಟ್ಟಿನ ಬಿಸಿ. ಫ್ಯಾನ್ ತಿರುಗುತ್ತಿದೆಯಾ, ಗಾಳಿಕಿಂಡಿಗೆ ಬಟ್ಟೆ ಮುಚ್ಚಿದೆಯಾ ನೋಡಿ.

ಟ್ರಾನ್ಸ್‌ಡ್ಯೂಸರ್ ಇಳಿಯುವುದಿಲ್ಲ, ಏರುವುದಿಲ್ಲ

ಇಳಿಯದಿದ್ದರೆ ಮೀನು ಸಿಗಲಿಕ್ಕಿಲ್ಲ, ಅಷ್ಟೇ. ಏರದಿದ್ದರೆ ಮಾತ್ರ ಅಪಾಯ. ಕೆಳಗೆ ಚಾಚಿಕೊಂಡೇ ಅಳಿವೆ ಬಾಗಿಲು ದಾಟಲು ಹೋದರೆ ಮರಳಿಗೆ ಬಡಿದು ಮುರಿಯಬಹುದು. ಬಡಿದ ಪೆಟ್ಟಿಗೆ ತಳದಲ್ಲಿ ಅದನ್ನು ಕೂರಿಸಿದ ಜಾಗವೇ ಸಡಿಲವಾದರೆ ನೀರು ಒಳಗೆ ಬರುತ್ತದೆ.

ವೇಗ ಇಳಿಸಿ. ವೇಗ ಜಾಸ್ತಿ ಇದ್ದರೆ ನೀರಿನ ಒತ್ತಡಕ್ಕೆ ಮೋಟಾರು ಸೋಲುತ್ತದೆ. ನಿಮ್ಮ ಮಾಡೆಲಿಗೆ ಎಷ್ಟು ನಾಟ್ ಮಿತಿ ಎಂದು ಅದರ ಪುಸ್ತಕದಲ್ಲಿದೆ, ಅದನ್ನೂ ಪರದೆ ಪಕ್ಕ ಬರೆದಿಡಿ. ಬೋಟ್ ನಿಲ್ಲಿಸಿ ಮತ್ತೆ ಪ್ರಯತ್ನಿಸಿ. ಮೋಟಾರಿನ ಫ್ಯೂಸ್ ನೋಡಿ. ಆಗದಿದ್ದರೆ ಕೈಯಲ್ಲಿ ತಿರುಗಿಸುವ ಹ್ಯಾಂಡಲ್ ಇರುತ್ತದೆ. ಅದನ್ನು ಹಾಕುವ ಮುಂಚೆ ಸೋನಾರಿನ ಪವರ್ ಪೂರ್ತಿ ಆಫ್ ಮಾಡಿ. ಹ್ಯಾಂಡಲ್ ಹಾಕಿರುವಾಗ ಮೋಟಾರು ತಿರುಗಿಬಿಟ್ಟರೆ ಕೈ ಮುರಿಯುತ್ತದೆ. ಹ್ಯಾಂಡಲ್ ಗಟ್ಟಿಯಾಗಿ ನಿಂತರೆ ಇಬ್ಬರು ಸೇರಿ ಒತ್ತಬೇಡಿ, ಅಡಿಯಲ್ಲಿ ಬಲೆ ಸಿಕ್ಕಿರಬಹುದು.

ಏರಿಸಲಾಗದಿದ್ದರೆ ನಿಧಾನವಾಗಿ ಬನ್ನಿ. ಭರತದ ಹೊತ್ತು ಕಾದು, ಆಳ ಅಳೆಯುತ್ತಾ ಅಳಿವೆ ದಾಟಿ. ಧಕ್ಕೆಯವರಿಗೆ ಮೊದಲೇ ತಿಳಿಸಿ. ಟ್ರಾನ್ಸ್‌ಡ್ಯೂಸರ್ ಕೂತಿರುವ ಜಾಗದ ಸುತ್ತ ತೇವ ಕಂಡರೆ ಗಂಟೆಗೊಮ್ಮೆ ನೋಡುತ್ತಿರಿ. ಬೋಟು ನೀರಿನಲ್ಲಿರುವಾಗ ಅಲ್ಲಿನ ಯಾವ ಬೋಲ್ಟನ್ನೂ ಸಡಿಲಿಸಬೇಡಿ, ಎಷ್ಟೇ ಪಳಗಿದ ಮೆಕ್ಯಾನಿಕ್ ಇದ್ದರೂ. ನೀರು ಹರಿದು ಬರುತ್ತಿದ್ದರೆ ಸೋನಾರ್ ಚಿಂತೆ ಬಿಟ್ಟು ಎಲ್ಲರಿಗೂ ಲೈಫ್ ಜಾಕೆಟ್ ಹಾಕಿಸಿ, ಪಂಪು ಓಡಿಸಿ, ವಿಎಚ್‌ಎಫ್ ರೇಡಿಯೋದ 16ನೇ ಚಾನೆಲ್‌ನಲ್ಲಿ ಕರೆಯಿರಿ. ಮೊಬೈಲ್ ಸಿಗ್ನಲ್ ಇದ್ದರೆ ಕೋಸ್ಟ್ ಗಾರ್ಡಿನ ನಂಬರ್ 1554, ಕರಾವಳಿ ಕಾವಲು ಪೊಲೀಸರದು 1093.

ಟೆಕ್ನಿಷಿಯನ್ನರನ್ನು ಕರೆಯುವಾಗ, ಮತ್ತು ರಜೆಯಲ್ಲಿ

"ಸರಿ ಇಲ್ಲ" ಎಂದರೆ ಅವರಿಗೆ ಏನೂ ತಿಳಿಯುವುದಿಲ್ಲ. ನೆಲದ ಪರೀಕ್ಷೆಯ ಫೋಟೋ, ಟ್ರಾನ್ಸ್‌ಮಿಟ್ ಆಫ್ ಮಾಡಿದಾಗಿನ ಫೋಟೋ, ಎರಡು ಕಡೆ ಅಳೆದ ವೋಲ್ಟೇಜ್, ಸೆಲ್ಫ್ ಟೆಸ್ಟ್ ನಂಬರ್ ಇಷ್ಟನ್ನು ಕಳಿಸಿ. ಬರುವಾಗಲೇ ಯಾವ ಬೋರ್ಡು ತರಬೇಕೆಂದು ಅವರಿಗೆ ಗೊತ್ತಾಗುತ್ತದೆ. ನಿಮಗೂ ಒಂದು ದಿನದ ದುಡಿಮೆ ಉಳಿಯುತ್ತದೆ.

ಟ್ರಾನ್ಸ್‌ಡ್ಯೂಸರಿನ ಮುಖ ಉಜ್ಜಲು ಬೋಟ್ ದಡಕ್ಕೆಳೆದ ರಜೆಯ ತಿಂಗಳುಗಳೇ ಸರಿ. ಮರದ ಅಥವಾ ಪ್ಲಾಸ್ಟಿಕ್ ಚೂರಿನಿಂದ ಚಿಪ್ಪು ಎಬ್ಬಿಸಿ, ಸೋಪು ನೀರು, ಮೆತ್ತನೆ ಬಟ್ಟೆ. ಉಳಿ, ತಂತಿ ಬ್ರಷ್, ತಿನ್ನರ್, ಪೆಟ್ರೋಲ್ ಬೇಡ. ಬೋಟಿಗೆ ಬಣ್ಣ ಬಳಿಯುವವರು ಅದರ ಮೇಲೂ ಒಂದು ಕೋಟ್ ಎಳೆದುಬಿಡುತ್ತಾರೆ, ಅವರು ಬರುವ ಮುಂಚೆಯೇ ಟೇಪು ಹಚ್ಚಿ ಮುಚ್ಚಿಡಿ. ಬಣ್ಣ ಒಣಗಿದ ಮೇಲೆ ಆ ಟೇಪು ತೆಗೆಯುವುದನ್ನೂ ನೆನಪಿಡಿ. ಬೋಟು ದಡದಲ್ಲಿರುವಾಗ ಸೋನಾರ್ ಟ್ರಾನ್ಸ್‌ಮಿಟ್ ಮಾಡಬಾರದು, ನೀರಿಲ್ಲದೆ ಶಬ್ದ ಬಿಟ್ಟರೆ ಟ್ರಾನ್ಸ್‌ಡ್ಯೂಸರ್ ಹಾಳಾಗಬಹುದು.

ಆಗಸ್ಟಿನಲ್ಲಿ ಮೊದಲ ಸಲ ಇಳಿದ ದಿನವೇ 20 ಮಾರಿನಲ್ಲಿ ನಿಲ್ಲಿಸಿ ನೆಲದ ಪರೀಕ್ಷೆ ಮಾಡಿ. ಆ ಉಂಗುರದ ಫೋಟೋ ತೆಗೆದು, ಗೇನ್ ಎಷ್ಟಿತ್ತು, ಜಾಗ ಯಾವುದು ಎಂದು ಬರೆದು ಕ್ಯಾಬಿನ್ನಿನಲ್ಲಿ ಅಂಟಿಸಿ. ಡಿಸೆಂಬರಿನಲ್ಲಿ ಯಾರಾದರೂ "ಮಷೀನ್ ಹಾಳಾಗಿದೆ" ಎಂದರೆ ಅದೇ ಜಾಗಕ್ಕೆ ಹೋಗಿ, ಅದೇ ಗೇನ್ ಇಟ್ಟು ಎರಡನ್ನೂ ಪಕ್ಕಪಕ್ಕ ಹಿಡಿದು ನೋಡಿ.